ಕುಳಿತೇ ಹೋಗುವವನು

ನಿಮ್ಮೆಲ್ಲರ ಹೃದಯದಲ್ಲಿ ನಾಲ್ಕು ಕೋಣೆ. ನನ್ನದರಲ್ಲಿ ದೇವರು ನಡುಗೋಡೆ ಕಟ್ಟುವುದನ್ನೇ ಮರೆತು, ಮದುವೆ ಮಾಡುವಷ್ಟು ದೊಡ್ಡ ಹಾಲ್ ಬಿಟ್ಟುಬಿಟ್ಟ. ಇಂಥ ಹೃದಯ ಇಡೀ ಮಹಾರಾಷ್ಟ್ರದಲ್ಲಿ ಇನ್ನೊಂದಿಲ್ಲ. ಕರ್ನಾಟಕದ ಮಾತಂತೂ ಎತ್ತಲೇಬೇಡಿ. ಬೀದರದಲ್ಲಿ ನಾನು ನೀಲಿ ತುಟಿ ಹೊತ್ತು ಹುಟ್ಟಿದಾಗ, ಈ ಕೂಸು ಐದು ವರ್ಷ ದಾಟಿದರೆ ಹೆಚ್ಚು ಎಂದಿದ್ದರಲ್ಲ ಡಾಕ್ಟರು, ಅವರ ಮಣ್ಣಿಗೆ ನಾನೇ ಹೋಗಿ ಹೂವು ಹಾಕಿ ಬಂದೆ.

ನಲವತ್ತು ದಾಟಿದ ಮೇಲೆ ಹಾಲ್ ಸೋರತೊಡಗಿತು. ಕಾಲು ಕುಂಬಳಕಾಯಿಯಂತೆ ಊದಿದವು. ಮಲಗಿದರೆ ಉಸಿರೇ ಸಿಗದು. ನಾಸಿಕ್ ರೋಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಖುರ್ಚಿ ಹಾಕಿಕೊಂಡು, ಕುಳಿತೇ ನಿದ್ದೆ ಮಾಡುವ ವಿದ್ಯೆ ಕಲಿತೆ. ನನ್ನ ಅವ್ವ ಕಸ್ತೂರಿಬಾಯಿ ಬೆನ್ನಿಗೆ ದಿಂಬು ಒತ್ತಿ, ತಾನೂ ಗೋಡೆಗೆ ಒರಗಿ ಕುಳಿತೇ ತೂಕಡಿಸುತ್ತಿದ್ದಳು. ನನಗೆ ಬೇಕಾಗಿದ್ದುದು ಒಂದೇ: ಕೊನೆಯೂ ಅದೇ ಖುರ್ಚಿಯಲ್ಲಿ, ರೈಲು ಕಾಣುವ ಜಾಗದಲ್ಲಿ ಆಗಬೇಕು. ಹೇಳೋಣವೆಂದು ಬಾಯಿ ತೆರೆದರೆ ಅವ್ವ, "ಏನೂ ಆಗಲ್ಲ, ಸುಮ್ನ ಕೂಡು" ಎಂದು ಗಂಜಿಯ ಚಮಚ ತುರುಕುತ್ತಿದ್ದಳು.

ನೋಡಲು ಬಂದ ನೆಂಟರ ಸಾಲು ಸ್ಟೇಷನ್ನಿನವರೆಗೆ ಬೆಳೆದಿತ್ತು. ಪಿಂಪಳಗಾಂವ್ ಬಸವಂತದ ಮಾವನೊಬ್ಬ, ಉಳ್ಳಾಗಡ್ಡಿ ರಸಕ್ಕೆ ಹೃದಯದ ತೂತು ಮುಚ್ಚುತ್ತದೆ ಎಂದು ಒಂದು ಚೀಲ ಇಳಿಸಿದ. ತೂತಲ್ಲ ಮಾವ, ಗೋಡೆಯೇ ಇಲ್ಲ ಎಂದೆ. ಹಾಗಾದರೆ ಇನ್ನೊಂದು ಚೀಲ ಕಳಿಸುತ್ತೇನೆ ಎಂದ.

ಇವರೆಲ್ಲರ ಮೇಲೆ ಶಿವರಾಯ ಕಾಕಾ. ಅಪ್ಪನ ತಮ್ಮ, ತೊಗರಿಬೇಳೆ ವ್ಯಾಪಾರಿ, ನಾಸಿಕ್‌ನ ನಮ್ಮ ಲಿಂಗವಂತ ಸಮಾಜದ ಅಧ್ಯಕ್ಷ. ನಾನು ಸಾಯುವುದರ ಬಗ್ಗೆ ಅವನ ತಕರಾರು ಏನೂ ಇರಲಿಲ್ಲ. ಸಾಯುವ ಜಾಗದ ಬಗ್ಗೆ ಇತ್ತು.

"ಅಧ್ಯಕ್ಷನ ಅಣ್ಣನ ಮಗ ಬಾಲ್ಕನ್ಯಾಗ ಸತ್ತ ಅಂದ್ರ ನನ್ ಇಜ್ಜತ್ ಏನ್ ಉಳೀತದ, ವೈನಿ?" ಎಂದು ಅಡುಗೆಮನೆಯಲ್ಲಿ ಅವ್ವನಿಗೆ ಪಿಸುಗುಟ್ಟಿದ. ಕಾಕಾನ ಪಿಸುಮಾತಿನ ಎದುರು ಮಾಲೇಗಾಂವದ ಯಂತ್ರಮಗ್ಗಗಳೆಲ್ಲ ಮೌನವ್ರತದವು.

ಮರುದಿನ ನನ್ನನ್ನು ಗಾಡಿಗೆ ಹೇರಿ ಸಂಭಾಜಿನಗರದ ಭಾರಿ ಆಸ್ಪತ್ರೆಗೆ ಒಯ್ದ. ಅಲ್ಲಿ ದೊಡ್ಡವರ ಹೃದಯದ ಡಾಕ್ಟರು ನನ್ನ ಸ್ಕ್ಯಾನ್ ನೋಡಿ ಬೆವತು, ಹುಟ್ಟಿನಿಂದ ಬಂದ ಕಾಯಿಲೆ ಮಕ್ಕಳ ವಿಭಾಗದ್ದು ಎಂದು ಕೈತೊಳೆದುಕೊಂಡರು. ಹಾಗಾಗಿ ನರೆತ ಮೀಸೆಯ ನಾನು ಜಿರಾಫೆ ಬರೆದ ಗೋಡೆಯ ಕೆಳಗೆ, ಮೊಣಕಾಲಿಗೇ ಮುಗಿಯುವ ಮಂಚದ ಮೇಲೆ ಪ್ರತಿಷ್ಠಾಪಿತನಾದೆ. ಪಕ್ಕದ ಮಂಚದ ಅಜ್ಜಿ ಕಾಕಾನಿಗೆ, ನಿಮ್ಮ ಪಾಪು ಎಲ್ಲಿ ಎಂದು ಕೇಳಿದಳು. ಕಾಕಾ ನನ್ನ ಕಡೆ ಬೆರಳು ತೋರಿಸಿದ.

ಮಕ್ಕಳ ಡಾಕ್ಟರ್ ಅಶ್ವಿನಿ ಮಾತ್ರ ನನ್ನ ಹೃದಯ ನೋಡಿ ಹೆದರಲಿಲ್ಲ. ಅವರಿಗೆ ಬೇರೆ ಕಷ್ಟ. ಕಾಕಾ ಹೊರಗೆ ಕರೆದು, ಹುಡುಗನಿಗೆ ಏನೂ ಹೇಳಬೇಡಿ ಎಂದ. ಅವ್ವ ಲಿಫ್ಟಿನ ಹತ್ತಿರ ಹಿಡಿದು, ಅವರಿಬ್ಬರಿಗೂ ಹೇಳಬೇಡಿ ಎಂದಳು. ನಾನು, ಅವ್ವನಿಗೆ ಹೇಳಬೇಡಿ ಎಂದೆ. ಡಾಕ್ಟರು ಮೂವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದರು.

"ರವಿಕಾಂತ, ಈ ಹೃದಯ ಇನ್ನು ಸುಧಾರಿಸುವುದಿಲ್ಲ. ನಿಮಗೇನು ಬೇಕು?" ಎಂದು ಮರಾಠಿಯಲ್ಲಿ ಕೇಳಿದರು.

"ಮಷೀನ್ ಹಚ್ಚರಿ," ಎಂದ ಕಾಕಾ. "ಎಲ್ಲಾಕ್ಕಿಂತ ದೊಡ್ಡದು."

"ನಾನು ಅವರನ್ನು ಕೇಳಿದ್ದು."

"ಅವ ಹುಟ್ಟಿದಾಗಿಂದ ಅವನ ಮಾತ್ ನಾನೇ ಆಡೋದ್ರಿ."

ಊರೆಲ್ಲ ಬಡಾಯಿ ಕೊಚ್ಚುವ ನಾನು ಆಗ ಐದೇ ಶಬ್ದದಲ್ಲಿ ಮುಗಿಸಿದೆ. "ಮನಿ," ಎಂದೆ. "ನನ್ ಖುರ್ಚಿ. ಮಷೀನ್ ಬ್ಯಾಡ."

"ಪೋರನ ತಲಿ ಕೆಟ್ಟದ," ಎಂದ ಕಾಕಾ.

ಡಾಕ್ಟರು ಅವ್ವನತ್ತ ತಿರುಗಿದರು. "ಮಾವಶಿ, ಮನೆಯಲ್ಲಿ ನೋಡಿಕೊಳ್ಳುವವರು ನೀವು. ನೀವು ಒಪ್ಪಬೇಕು. ಮಷೀನ್ ಅಂದರೆ ಗಂಟಲಿಗೆ ಕೊಳವೆ, ನಿದ್ದೆಯ ಮದ್ದು ಕೊಟ್ಟು ಮಲಗಿಸುತ್ತೇವೆ. ಕೈ ಕಟ್ಟಬೇಕಾಗಬಹುದು. ಕೆಲವು ದಿನ ಹೆಚ್ಚು ಸಿಗಬಹುದು, ಸಿಗದೆಯೂ ಇರಬಹುದು. ಮನೆಗೆ ಹೋದರೆ ಉಸಿರಿನ ಸಂಕಟ ಕಡಿಮೆಯಾಗಲು ಔಷಧಿ ಕೊಡುತ್ತೇವೆ, ನರ್ಸ್ ಬಂದು ನೋಡುತ್ತಾಳೆ."

ನೆಲ ನೋಡುತ್ತಿದ್ದ ಅವ್ವ ತಲೆ ಎತ್ತಿದಳು. "ಮಲಗಸ್ತೀರೇನ್ರಿ?"

"ಹೌದು."

"ನಮ್ ಮಂದಿ ಮಣ್ಣಾಗ ಇಡೋವಾಗ ಸೈತ ಕುಂದ್ರಿಸೇ ಇಡ್ತಾರ್ರಿ, ಅಂಗೈಯಾಗ ಲಿಂಗ ಕೊಟ್ಟು. ಅಲ್ಲೀತನಕ ಕುಂತೇ ಹೋಗಾವನ್ನ ನಡುವ ಯಾಕ್ ಮಲಗಸ್ತೀರಿ? ಕಳಸ್ರಿ ಮನಿಗಿ."

ನನ್ನೆದುರಿಗೆ ನನ್ನ ಸಾವಿನ ಮಾತು ಅವಳ ಬಾಯಿಂದ ಅದೇ ಮೊದಲು ಬಂದದ್ದು. ಜಿರಾಫೆ ಕೂಡ ಕತ್ತು ಬಗ್ಗಿಸಿ ಕೇಳಿಸಿಕೊಂಡಿತು ಎಂದರೆ ನೀವು ನಂಬುವುದಿಲ್ಲ.

"ವೈನಿ, ಮಂದಿ ಏನಂತಾರ..." ಎಂದ ಕಾಕಾ.

"ಮಂದೀಗಿ ನಾ ಚಾ ಮಾಡಿ ಕೊಡ್ತೀನಿ. ನೀವು ಗಾಡಿ ತಗೀರಿ."

ಈಗ ಖುರ್ಚಿಗೆ ಮರಳಿದ್ದೇನೆ. ನರ್ಸ್ ಬಂದು ಹೋಗುತ್ತಾಳೆ, ಔಷಧಿಯಿಂದ ಉಸಿರು ತುಸು ಮೆತ್ತಗಾಗಿದೆ. ಕಾಕಾ ಸೋಲುವ ಆಸಾಮಿಯಲ್ಲ. ನಮ್ಮ ರುದ್ರಭೂಮಿಯಲ್ಲಿ ಎಲ್ಲಕ್ಕಿಂತ ಆಳದ ಕುಣಿ ತನ್ನ ಅಣ್ಣನ ಮಗನದೇ ಆಗಬೇಕೆಂದು ಸಮಾಜದ ಸಭೆಯಲ್ಲಿ ಭಾಷಣ ಮಾಡಿದನಂತೆ. ಆಳ ಇರಲಿ, ಮೊಣಕಾಲಿಗೂ ಜಾಗ ಬಿಡಿಸು ಎಂದು ಹೇಳಿ ಕಳಿಸಿದ್ದೇನೆ. ಮಕ್ಕಳ ಮಂಚದ ಅನುಭವ ಸಾಕಾಗಿದೆ.

ಅವ್ವ ಈಗ ಏನೂ ಆಗಲ್ಲ ಎನ್ನುವುದಿಲ್ಲ. ನಿನ್ನೆ ಚಹಾ ಕೊಟ್ಟು, ದಿಂಬು ಸರಿಮಾಡುತ್ತ ಕೇಳಿದಳು: "ಹೆದರಿಕಿ ಆಗ್ಲತ್ತದೇನೋ?"

"ಜರಾ ಅಷ್ಟ," ಎಂದೆ.

ಹುಟ್ಟಿದಾಗಿನಿಂದ ನಾನು ಕಡಿಮೆ ಮಾಡಿ ಹೇಳಿದ್ದು ಅದೊಂದೇ. ಅವ್ವ ನಂಬಲಿಲ್ಲ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು.