ಪುದೀನ ಕುಂಡದೊಳಗಿನ ಚೂರಿ

ನಾನು ಒಂದು ಚೂರಿ. ಹಾಗೆಂದ ಕೂಡಲೇ ನೀವು ಒಂದು ಹೆಜ್ಜೆ ಹಿಂದೆ ಸರಿದಿರಿ, ನನಗೆ ಗೊತ್ತಾಯಿತು. ಹೆದರಬೇಡಿ. ಈಗ ನಾನು ಪುದೀನ ಗಿಡದ ಕುಂಡದಲ್ಲಿ ಹಿಡಿಯವರೆಗೆ ಹೂತುಹೋಗಿದ್ದೇನೆ. ಹರಿತವಾಗಿ ಉಳಿದಿರುವುದು ನನ್ನ ಮಾತು ಮಾತ್ರ.

ನನ್ನ ಹುಟ್ಟೇ ಹೊಡೆತದಿಂದ. ಮೊದಲು ನಾನು ಲಾರಿಯೊಂದರ ಹೊಟ್ಟೆಯಡಿ ಇದ್ದ ಉಕ್ಕಿನ ಪಟ್ಟಿ. ಮುಂಬಯಿಯ ಕಮ್ಮಾರನೊಬ್ಬ ನನ್ನನ್ನು ಕುಲುಮೆಗೆ ತಳ್ಳಿ, ಕೆಂಪಗೆ ಕಾದ ಮೇಲೆ ಹೊರಗೆಳೆದು ಸುತ್ತಿಗೆಯಿಂದ ಬಡಿದ. ಮಗುಚಿ ಹಾಕಿ ಬಡಿದ. ನಾನು ಸಪೂರವಾದಷ್ಟೂ ಅವನಿಗೆ ಹುರುಪು. ಕೊನೆಗೆ ನೀರಿಗೆ ಅದ್ದಿದಾಗ ‘ಚುಂಯ್’ ಎಂದು ಕಿರುಚಿದೆ. ಹುಟ್ಟಿದ ಮಕ್ಕಳನ್ನು ಮೀಯಿಸಿ ತೊಟ್ಟಿಲಿಗೆ ಹಾಕುತ್ತಾರೆ. ನನ್ನನ್ನು ಮೀಯಿಸಿ ಸಾಣೆಗೆ ಹಾಕಿದರು.

ನನ್ನನ್ನು ಕೊಂಡವರು ಬೈಕುಲ್ಲಾದ ಎಲಿಜಾ ಕಂದ್ಲೇಕರ್. ಯಹೂದಿ ಕುಟುಂಬ, ಮನೆಮಾತು ಮರಾಠಿ. ಅವರ ಅಪ್ಪ ತೆರೆದ ಸ್ಯಾಂಡ್‌ವಿಚ್ ಅಂಗಡಿಯ ಬೋರ್ಡಿನಲ್ಲಿ ‘ಕಂದ್ಲೇಕರ್ ಆ್ಯಂಡ್ ಸನ್ಸ್’ ಎಂದಿತ್ತು. ಅಲ್ಲಿ ಸಿಗುತ್ತಿದ್ದುದು ಒಂದೇ ತಿನಿಸು. ಹತ್ತು ದಿನ ಉಪ್ಪು-ಕರಿಮೆಣಸಿನಲ್ಲಿ ನೆನೆದು, ಅರ್ಧ ದಿನ ಬೆಂದ ಕುರಿಮಾಂಸ. ಅದನ್ನು ತೆಳ್ಳಗೆ ಕೊಯ್ದು, ಸಾಸಿವೆ ಬಳಿದ ಬ್ರೆಡ್ಡಿನ ನಡುವೆ ಪೇರಿಸಿ, ಪಕ್ಕದಲ್ಲಿ ಉಪ್ಪುನೀರಿನಲ್ಲಿ ಹುಳಿಬಂದ ಸೌತೆಕಾಯಿ. ಬೆಣ್ಣೆ ಇಲ್ಲ, ಚೀಸ್ ಇಲ್ಲ. ಮಾಂಸ ಮುಟ್ಟಿದ ಚೂರಿ ಹಾಲಿನಿಂದಾದ ಯಾವುದನ್ನೂ ಮುಟ್ಟಬಾರದೆಂಬುದು ಅವರ ಧರ್ಮದ ಕಟ್ಟಳೆ. ಮುಟ್ಟಿದರೆ ಚೂರಿಯೇ ಕೆಟ್ಟಂತೆ. ಮಹಡಿಯ ಮೇಲಿನ ಮನೆಯಲ್ಲಿ ಬೆಣ್ಣೆಗೆಂದೇ ಬೇರೊಂದು ಚೂರಿ ಇತ್ತು, ಹಿಡಿಗೆ ನೀಲಿ ದಾರ ಸುತ್ತಿದ್ದು. ನಾವಿಬ್ಬರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ.

ಎಲಿಜಾರಿಗೆ ಇಬ್ಬರು ಮಕ್ಕಳು. ಮಗಳು ಸಿಪೋರಾ, ಅವಳಿಗಿಂತ ಎರಡು ವರ್ಷ ಚಿಕ್ಕವನು ಹಾಯಿಮ್. ಹಾಸಿಗೆ ಹಿಡಿದಾಗ ಎಲಿಜಾ ಮಕ್ಕಳಿಬ್ಬರಿಂದಲೂ ಮಾಂಸ ಕೊಯ್ಯಿಸಿದರು. ಹೋಳುಗಳನ್ನು ಒಂದೊಂದಾಗಿ ಪತ್ರಿಕೆಯ ಮೇಲೆ ಹಾಸಿದರು. ಮಗಳ ಹೋಳಿನಡಿ ಅಕ್ಷರ ಕಂಡಿತು. ಮಗನ ಹೋಳಿನಡಿ ಇಡೀ ಮುಖಪುಟವೇ ಮುಳುಗಿಹೋಯಿತು. ನನ್ನನ್ನು ಮಗಳ ಕೈಗಿಟ್ಟು, ‘ಈ ಚೂರಿ ಯಾರ ಕೈಲೋ, ಅಂಗಡಿ ಅವರ ಕೈಲಿ’ ಎಂದರು. ಹಾಯಿಮನಿಗೆ ಬ್ರೆಡ್ ಸುಡುವ ಇಕ್ಕಳ ಸಿಕ್ಕಿತು. ಬೋರ್ಡಿನಲ್ಲಿ ‘ಸನ್ಸ್’ ಹಾಗೇ ಉಳಿಯಿತು. ಅವನಿಗೆ ದಿನವೂ ಚುಚ್ಚುತ್ತಿದ್ದುದು ನಾನಲ್ಲ, ಆ ಬೋರ್ಡು.

ಮುಂದಿನ ಮೂವತ್ತು ವರ್ಷ ಯುದ್ಧ. ಪಾತ್ರೆ ತೊಳೆಯುವ ದೂಮಪ್ಪ ಉಡುಪಿ ಕಡೆಯವನು, ಈಗ ಐವತ್ತು ದಾಟಿದ್ದಾನೆ. ನನ್ನನ್ನು ಉಜ್ಜುವಾಗ ಅಕ್ಕನಿಗೆ ಕೀರಲು ದನಿ, ತಮ್ಮನಿಗೆ ಗೊಗ್ಗರು ದನಿ ಕೊಟ್ಟು ಆ ದಿನದ ಜಗಳವನ್ನು ತನ್ನೂರಿನ ಕನ್ನಡದಲ್ಲಿ ಪೂರ್ತಿ ಆಡಿ ತೋರಿಸುತ್ತಿದ್ದ. ಹಾಗಾಗಿ ನನ್ನ ಕಿವಿಯಲ್ಲಿ ಅವರ ಮರಾಠಿ ಇಂದಿಗೂ ಹೀಗೇ ಕೇಳುತ್ತದೆ:

“ಬೇಗ ಕೊಯ್ಯಿ ಮಾರಾಯ್ತಿ, ಜನ ಹಸಿದು ಸಾಯ್ತಾರೆ!”

“ಸತ್ತರೆ ಸಾಯ್ಲಿ, ಸತ್ತವರಿಗೂ ತೆಳ್ಳಗೇ ಕೊಯ್ದು ಕೊಡ್ತೇನೆ. ನೀನು ಬ್ರೆಡ್ಡಿಗೆ ಅಲ್ಲೇ ದಹನ ಸಂಸ್ಕಾರ ಮಾಡ್ಬೇಡ!”

ಇಕ್ಕಳ ಹಾರುತ್ತಿತ್ತು. ಸಾಸಿವೆ ಡಬ್ಬಿ ಹಾರುತ್ತಿತ್ತು. ಒಮ್ಮೆ ಹುಳಿಸೌತೆಯ ಜಾಡಿಯೇ ಹಾರಿ ಹಾಯಿಮನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಮರುವಾರ ಅವನು ಕಾವಲಿಯಿಂದ ಬೀಸಿದ್ದಕ್ಕೆ ಅವಳ ಮುಂದಿನ ಹಲ್ಲು ಮುರಿಯಿತು. ಹಳೆಯ ಗಿರಾಕಿಗಳು ಎಡಗೈಯಲ್ಲಿ ಖಾಲಿ ತಟ್ಟೆಯನ್ನು ಗುರಾಣಿಯಂತೆ ಹಿಡಿದು ಬಲಗೈಯಲ್ಲಿ ತಿನ್ನುತ್ತಿದ್ದರು. ಆದರೂ ಬರುತ್ತಿದ್ದರು, ಅಂಥ ಮಾಂಸ ಬೇರೆಲ್ಲೂ ಇರಲಿಲ್ಲ. ಇಷ್ಟಾದರೂ ನನ್ನನ್ನು ಮಾತ್ರ ಯಾರೂ ಎಸೆಯಲಿಲ್ಲ. ಶನಿವಾರ ಯಹೂದಿಗಳಿಗೆ ವಿಶ್ರಾಂತಿಯ ದಿನ, ಅಂಗಡಿಗೆ ರಜೆ, ಯುದ್ಧಕ್ಕೂ ರಜೆ.

ಒಂದು ಶುಕ್ರವಾರ ಮಧ್ಯಾಹ್ನ. ಅಂಗಡಿ ತುಂಬ ಜನ. ಸಿಪೋರಾ ಅವರೆಲ್ಲರ ಎದುರು, “ಹಾಸಿಗೆ ಹಿಡಿದ ಅಪ್ಪನಿಗೂ ಗೊತ್ತಾಯ್ತು, ನೀನು ಕೊಯ್ಯುವುದು ಮಾಂಸ ಅಲ್ಲ, ಸೌದೆ ಅಂತ,” ಎಂದು ನನ್ನನ್ನು ಹಲಗೆಯ ಮೇಲಿಟ್ಟು ಒಳಗಿಂದ ಮಾಂಸ ತರಲು ಹೋದಳು. ಜನ ನಕ್ಕರು. ಅದೇ ಹೊತ್ತಿಗೆ ಹೊಸ ಗಿರಾಕಿಯೊಬ್ಬ ಚೀಲದಿಂದ ಚೀಸಿನ ಗಟ್ಟಿ ತೆಗೆದು, “ನನ್ನದರಲ್ಲಿ ಇದನ್ನೂ ಎರಡು ತುಂಡು ಇಡಿ,” ಎಂದ.

ಹಾಯಿಮ್ ಬೇಡ ಎನ್ನಬೇಕಿತ್ತು. ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನನ್ನು ಎತ್ತಿ, ಒಳಬಾಗಿಲಿಗೆ ಅಕ್ಕ ಬರುವವರೆಗೆ ಕಾದು, ಅವಳು ನೋಡುತ್ತಿದ್ದಂತೆಯೇ ಚೀಸ್ ಕೊಯ್ದ. ಎರಡು ತುಂಡು.

“ಅಪ್ಪ ಹೇಳಿದ್ದು ಈ ಚೂರಿಯ ಮಾತಲ್ವಾ? ಈಗ ಈ ಚೂರಿ ಸತ್ತಿತು, ಅಕ್ಕ. ಅಪ್ಪನ ಮಾತೂ ಸತ್ತಿತು. ನಾಡಿದ್ದು ಹೊಸತು ತರ್ತೇನೆ. ಅದು ನಂದು.”

ಸಿಪೋರಾ ಮಾಂಸದ ಪಾತ್ರೆ ಕೆಳಗೆ ಬಿಟ್ಟು ನನ್ನ ಮೇಲೆ ಎರಗಿದಳು. ಅವಳಿಗೆ ಸಿಕ್ಕಿದ್ದು ಅಲಗು. ಹಿಡಿ ಅವನ ಹಿಡಿತದಲ್ಲಿತ್ತು.

“ಬಿಡು!”

“ನೀ ಬಿಡು!”

ತಮ್ಮ ಎಳೆದ. ನನಗೆ ಬರುವುದು ಒಂದೇ ಕೆಲಸ. ಮಾಂಸ ಯಾರದೆಂದು ಕೇಳಲು ನನಗೆ ಯಾರೂ ಕಲಿಸಿರಲಿಲ್ಲ. ಬಲಗೈಯ ಮೂರು ಬೆರಳು, ಎಲುಬಿನವರೆಗೆ. ಬ್ರೆಡ್ಡುಗಳ ಮೇಲೆ ರಕ್ತ ಸಿಡಿಯಿತು. ಚೀಸಿನವನು ಚೀಲ ಬಿಟ್ಟು ಓಡಿದ. ದೂಮಪ್ಪ ತನ್ನ ಲುಂಗಿ ಹರಿದು ಅವಳ ಕೈಗೆ ಸುತ್ತಿದ. ಹಾಯಿಮ್ ನನ್ನನ್ನು ಹಿಡಿದುಕೊಂಡೇ ನಿಂತಿದ್ದ. ಕೆಳಗಿಡುವುದು ಹೇಗೆಂಬುದೇ ಅವನಿಗೆ ಮರೆತಂತಿತ್ತು.

ಒಂಬತ್ತನೆಯ ದಿನ ಅವಳು ಆಸ್ಪತ್ರೆಯಿಂದ ಬಂದಳು. ಬೆರಳು ಉಳಿದಿದ್ದವು, ಮಡಚುತ್ತಿರಲಿಲ್ಲ. ಅಷ್ಟೂ ದಿನ ಅಂಗಡಿ ಮುಚ್ಚಿತ್ತು. ನಾನು ಹಲಗೆಯ ಮೇಲೆ ರಕ್ತ, ಚೀಸ್ ಎರಡೂ ಒಣಗಿ ಬಿದ್ದಿದ್ದೆ.

“ಸಮುದ್ರಕ್ಕೆ ಬಿಸಾಡಿ ಬರ್ತೇನೆ ಅಮ್ಮ,” ಎಂದ ದೂಮಪ್ಪ.

“ಮುಟ್ಬೇಡ. ಹಾಯಿಮ್, ಹಿತ್ತಿಲಿಗೆ ಬಾ. ಕೆಟ್ಟ ಚೂರಿಯನ್ನು ಸರಿ ಮಾಡುವುದು ಹೇಗೆ ಅಂತ ಅಪ್ಪ ತೋರಿಸಿದ್ದು ನಿನಗೆ ನೆನಪೇ ಇಲ್ವಲ್ಲ?”

ಅವನಿಗೆ ನಿಜವಾಗಿಯೂ ಮರೆತಿತ್ತು. ಕೆಟ್ಟ ಚೂರಿಯನ್ನು ಗಟ್ಟಿ ಮಣ್ಣಿಗೆ ಹತ್ತು ಸಲ, ಹತ್ತು ಬೇರೆ ಬೇರೆ ಕಡೆ ಚುಚ್ಚಿ ತೆಗೆದರೆ ಮತ್ತೆ ಮಡಿ. ಸಿಪೋರಾ ಎಡಗೈಯಲ್ಲಿ ನನ್ನನ್ನೆತ್ತಿ ಪುದೀನ ಕುಂಡಕ್ಕೆ ಇರಿದಳು. ಒಂದು. ಬೇರು ಕತ್ತರಿಸಿತು. ಎರಡು. ಮಣ್ಣು ಅವಳ ಮುಖಕ್ಕೆ ಹಾರಿತು. ಎಲುಬಿಗಿಂತ ಮಣ್ಣೇ ಹೆಚ್ಚು ನೋಯಿಸುತ್ತದೆಂದು ನನಗೆ ಅಂದು ತಿಳಿಯಿತು. ಪ್ರತಿ ಇರಿತಕ್ಕೂ ಹಾಯಿಮ್ ತನ್ನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಒಂಬತ್ತು. ಹತ್ತನೆಯದು ಹಿಡಿಯವರೆಗೆ ಇಳಿಯಿತು. ಅವಳು ಕೈ ಬಿಟ್ಟಳು.

“ಹತ್ತಾಯ್ತಲ್ಲ, ತೆಗಿ,” ಎಂದ ಹಾಯಿಮ್.

“ನನ್ನ ಬಲಗೈಗೆ ಇನ್ನು ಹಿಡಿ ಹಿಡಿಯಲಿಕ್ಕೆ ಬರುವುದಿಲ್ಲ. ನಿನಗೆ ಬರ್ತದೆ. ಅಂಗಡಿ ಬೇಕಿತ್ತಲ್ಲ? ನೀನೇ ತೆಗಿ.”

ಅವನು ಬಗ್ಗಿ ಕೈ ಚಾಚಿದ. ಹಿಡಿಯ ಹಿತ್ತಾಳೆ ಮೊಳೆಯ ಸುತ್ತ ಅವಳ ರಕ್ತ ಇನ್ನೂ ಕಪ್ಪಗೆ ಕೂತಿತ್ತು. ಅವನ ಬೆರಳು ಅಲ್ಲೇ ನಿಂತಿತು. ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕುಂಡಕ್ಕೆ ಸುರಿದ. ಅಂದಿನಿಂದ ದಿನಾ ಬೆಳಿಗ್ಗೆ ಸುರಿಯುತ್ತಾನೆ. ನೀರಿನಲ್ಲಿ ಗಟ್ಟಿಯಾದ ನಾನು ನೀರಿನಲ್ಲೇ ಪುಡಿಯಾಗುತ್ತಿದ್ದೇನೆ. ಪುದೀನ ಮಾತ್ರ ಹುಚ್ಚೆದ್ದು ಬೆಳೆದಿದೆ. ನನ್ನ ತುಕ್ಕು ಅದಕ್ಕೆ ತುತ್ತು.

ಹಿಡಿ ಮಣ್ಣಿನ ಮೇಲಿರುವುದರಿಂದ ಹಿತ್ತಿಲ ಬಾಗಿಲಿನಾಚೆ ಎಲ್ಲ ಕಾಣುತ್ತದೆ. ಈಗ ಹೊಸ ಚೂರಿಯಲ್ಲಿ ಮಾಂಸ ಕೊಯ್ಯುವವನು ದೂಮಪ್ಪ. ಸಿಪೋರಾ ಹಿಂದೆ ನಿಂತು, “ಇದು ಮಾಂಸವಾ, ಚಪ್ಪಲಿಯಾ?” ಎಂದು ಅವನ ತಲೆಗೆ ಮೊಟಕುತ್ತಾಳೆ. ಹಾಯಿಮ್ ಬ್ರೆಡ್ ಸುಡುತ್ತಾನೆ, ಕರಕಲು ಮಾಡುತ್ತಾನೆ. ಅವಳು ಇಕ್ಕಳ ಎಸೆಯುತ್ತಾಳೆ. ಎಡಗೈ ಎಸೆತ, ಗುರಿ ತಪ್ಪುತ್ತದೆ.

ಆಗ ಹಾಯಿಮ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇಕ್ಕಳದ ದಾರಿಗೆ ಬಂದು ನಿಲ್ಲುತ್ತಾನೆ.