ಮಹಬೂಬಿಗೆ ನಾನು ಬರೆದ ವಯಸ್ಸು

೧೯೮೩ರ ಆಗಸ್ಟಿನಲ್ಲಿ ಅಲೀಮಾಳಿಗೆ ಭಾರತದ ಪೌರತ್ವದ ಕಾಗದ ಬಂತು. ಹುಟ್ಟಿದ್ದು ಇಳಕಲ್ಲಿನಲ್ಲೇ. ಕರಾಚಿಗೆ ಲಗ್ನವಾಗಿ ಹೋಗಿದ್ದವಳು, ಗಂಡ ತೀರಿದ ಮೇಲೆ ನಾಲ್ಕು ವರ್ಷದ ಮಗಳೊಂದಿಗೆ ತಂದೆ ಅಹ್ಮದಸಾಬನ ಮನೆಗೆ ಮರಳಿದ್ದಳು. ಸೀರೆಯ ನೂಲು ಸುತ್ತುತ್ತ, ಪಾಕಿಸ್ತಾನದವಳೆಂದು ವರ್ಷಕ್ಕೊಮ್ಮೆ ಪೊಲೀಸರಿಗೆ ಮುಖ ತೋರಿಸುತ್ತ ಹದಿಮೂರು ವರ್ಷ ಕಳೆದಿದ್ದಳು.

ಇನ್ನು ಮಗಳು ಮಹಬೂಬಿಯದೊಂದೇ ಉಳಿದಿತ್ತು. ತಾಯಿ ಇಲ್ಲಿಯವಳಾದರೆ, ಹದಿನೆಂಟು ತುಂಬದ ಮಕ್ಕಳೂ ಅವಳಿಂದಾಗಿ ಇಲ್ಲಿಯವರಾಗಬಹುದಿತ್ತು. ಅರ್ಜಿಯನ್ನು ನಾನೇ ಬರೆದೆ. ಹಿಂದೆ ಆ ಹುಡುಗಿಯನ್ನು ಶಾಲೆಗೆ ಸೇರಿಸಿಕೊಂಡ ಮಾಸ್ತರನೂ ನಾನೇ.

ತಾಯಿ ಮಗಳನ್ನು ಕರೆದುಕೊಂಡು ವಿಜಾಪುರದ ಜಿಲ್ಲಾ ಕಚೇರಿಗೆ ಹೋದೆ. ಗುಮಾಸ್ತ ಮಲಕಪ್ಪ ಶಾಲೆಯ ದಾಖಲೆ ನೋಡಿ ನಕ್ಕ.

"ಜೂನ್ ಒಂದು! ನಿಮ್ಮೂರಾಗ ಎಲ್ಲಾರೂ ಅವತ್ತಽ ಹುಟ್ತಾರೇನ್ರಿ ಮಾಸ್ತರ? ಸೂಲಗಿತ್ತ್ಯಾರಿಗೆ ಉಣ್ಣಾಕೂ ಪುರಸತ್ತು ಇರಾಂಗಿಲ್ಲ ಬಿಡ್ರಿ."

ನಾನೂ ನಕ್ಕೆ.

"ಆದ್ರ ಇಸವಿ ಅರವತ್ತೈದು ಅಂತ ಐತಿ. ಹದಿನೆಂಟು ದಾಟಿ ಎರಡು ತಿಂಗಳಾತು. ತಾಯಿ ಮ್ಯಾಲೆ ಪೌರತ್ವ ಬರೂದಿಲ್ಲ."

ಅವಳಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಅವಳನ್ನು ಶಾಲೆಗೆ ಸೇರಿಸಿದ ವರ್ಷ ಒಂದನೆಯ ತರಗತಿಗೆ ಮಕ್ಕಳು ಸಾಲದೆ ನಾನು ಓಣಿ ಓಣಿ ತಿರುಗಿದ್ದೆ. "ಇನ್ನೂ ಐದು ತುಂಬಿಲ್ರಿ" ಎಂದಿದ್ದಳು ಅಲೀಮಾ. "ಬೇಕಾದಷ್ಟು ವಯಸ್ಸು ನಾ ಬರೀತೇನಿ ತಗೊ" ಎಂದು ಆರು ಮಾಡಿದ್ದೆ. ಕರಾಚಿಯಿಂದ ತಂದ ಪಾಸ್‌ಪೋರ್ಟಿನಲ್ಲಿ ಮಗಳ ಹೆಸರಿತ್ತು, ಹುಟ್ಟಿದ ದಿನ ಇರಲಿಲ್ಲ.

ಮಲಕಪ್ಪ ದನಿ ತಗ್ಗಿಸಿದ. "ಅಂದಾಜಿಗೆ ಬರದೇನಂತ ನೀವು ಬರಕೊಡ್ರಿ. ಸಾಹೇಬರ ಮುಂದ ಇಡ್ತೇನಿ."

ಹಾಳೆಯನ್ನೂ ಮುಂದೆ ಸರಿಸಿದ. ಆ ತಿಂಗಳೇ ನನಗೆ ಹೆಡ್‌ಮಾಸ್ತರಿಕೆ ಆಗುವುದಿತ್ತು. ಸುಳ್ಳು ದಾಖಲೆ ಎಂದು ಕೈಯಾರೆ ಬರೆದುಕೊಟ್ಟರೆ?

"ತಾಯಿ ಹೇಳಿದ್ದನ್ನಽ ಬರದೇನ್ರಿ," ಎಂದೆ.

"ಹೌದೇನವಾ?" ಮಲಕಪ್ಪ ನನ್ನ ಪಕ್ಕ ನಿಂತಿದ್ದ ತಾಯಿಯನ್ನು ಕೇಳಿದ.

ಅಲೀಮಾ ನನ್ನ ಕಡೆ ನೋಡಿದಳು. ನಾನು ಹಾಳೆಯನ್ನೇ ನೋಡುತ್ತಿದ್ದೆ.

"ಹೌದ್ರಿ," ಎಂದಳು. "ನಾನಽ ಹೇಳಿರಬೇಕು. ಮಾಸ್ತರು ಯಾಕ ಸುಳ್ಳು ಬರೀತಾರ?"

ಮಲಕಪ್ಪ ಹಾಳೆಯನ್ನು ಹಿಂದಕ್ಕೆಳೆದುಕೊಂಡ. "ಹಂಗಾದ್ರ ಮಗಳು ತನ್ನ ಅರ್ಜಿ ತಾನಽ ಹಾಕಲಿ. ವರ್ಷಗಟ್ಟಲೆ ಹಿಡೀತೈತಿ. ಅಲ್ಲೀಮಟ ವರ್ಷಾ ಪೊಲೀಸರ ಕಡೆ ಹಾಜರಿ."

ಮಹಬೂಬಿ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಧಡಕ್ಕನೆ ಎದ್ದು ನಿಂತಳು.

"ಆತೇನಮ್ಮಾ?"

"ಇಲ್ಲ. ನೀ ಹುಟ್ಟಿದ ವರ್ಷ ನಾ ತಪ್ಪಿ ಹೇಳಿದ್ನಂತ."

"ಹಡದಾಕಿ ನೀ! ನಿನಗಽ ನೆನಪಿಲ್ಲಂದ್ರ ಇನ್ಯಾರಿಗೆ ಇರಬೇಕು?" ಅವಳ ಕಣ್ಣು ತುಂಬಿತ್ತು. ಅಲೀಮಾ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು.

ಹುಡುಗಿ ನನ್ನ ಕಡೆ ತಿರುಗಿದಳು. "ನಮ್ಮಮ್ಮನ ಸಲುವಾಗಿ ನಿಮಗ ಭಾಳ ತ್ರಾಸಾತ್ರಿ, ಸರ್."

"ಇರಲಿ ಬಿಡವಾ," ಎಂದೆ ನಾನು.