ಪೆಟ್ರೋಲ್ ಕುಡಿಯದ ಟ್ಯಾಕ್ಸಿ

ಚೆನ್ನಯ ತನ್ನ ಹಳೆಯ ಹಿಲ್‌ಮನ್ ಟ್ಯಾಕ್ಸಿಯನ್ನು ಮಾರಿ ಬ್ಯಾಟರಿ ಗಾಡಿ ಕೊಂಡಾಗ, ಬೈಕುಲ್ಲಾ ಸ್ಟ್ಯಾಂಡಿನ ಡ್ರೈವರುಗಳು ಇವನಿಗೆ ತಲೆ ಕೆಟ್ಟಿದೆ ಎಂದು ಒಮ್ಮತದಿಂದ ತೀರ್ಮಾನಿಸಿದರು. ತಲೆ ಕೆಟ್ಟದ್ದು ಹೌದು, ಆದರೆ ಅದನ್ನು ಕೆಡಿಸಿದ್ದು ಪೆಟ್ರೋಲು. ದುಡಿದದ್ದರಲ್ಲಿ ಅರ್ಧವನ್ನು ಪಂಪಿಗೆ ಸುರಿದು, ಉಳಿದ ಅರ್ಧದಲ್ಲಿ ಗ್ಯಾರೇಜಿನವನ ಬಾಯಿ ಮುಚ್ಚಿಸಿ, ಮಿಕ್ಕ ಚಿಲ್ಲರೆಯನ್ನು ಹೆಂಡತಿ ವಾರಿಜಾಳ ಕೈಗೆ ಹಾಕುವಾಗ ಅವನಿಗೆ ಮುಖ ಎತ್ತಲು ನಾಚಿಕೆಯಾಗುತ್ತಿತ್ತು. ಹೀಗಿರುವಾಗ ಬಂದರಿನ ಹತ್ತಿರದ ಬಿಳಿಯರ ಬಿಸ್ಕತ್ತು ಕಂಪನಿಯೊಂದು ಬಾಗಿಲು ಮುಚ್ಚಿ, ಊರೊಳಗೆ ಸರಕು ಹಂಚುತ್ತಿದ್ದ ಐದು ಬ್ಯಾಟರಿ ವ್ಯಾನುಗಳನ್ನು ಮಾರಾಟಕ್ಕಿಟ್ಟಿತು. ಚೆನ್ನಯ ಒಂದನ್ನು ಕೊಂಡ. ವರ್ಕ್‌ಶಾಪಿನ ಸಿದ್ದಲಿಂಗಪ್ಪ ಅದಕ್ಕೆ ಕಿಟಕಿ ಕೊರೆದು, ಸೀಟು ಕೂರಿಸಿ, ಮೀಟರು ಬಿಗಿದು ಟ್ಯಾಕ್ಸಿಯ ರೂಪ ಕೊಟ್ಟ. ಪರೀಕ್ಷೆಗೆಂದು ಮೂರು ತಿಂಗಳ ಪರವಾನಗಿಯೂ ಸಿಕ್ಕಿತು.

ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಒಂದು ರೂಪಾಯಿ ಪೆಟ್ರೋಲ್ ಸುಡುವ ದಾರಿಗೆ ಮೂರಾಣೆಯ ಕರೆಂಟು ಸಾಕು. ಆಯಿಲ್ ಬದಲಿಸುವ ರಗಳೆಯಿಲ್ಲ, ರೇಡಿಯೇಟರಿಗೆ ನೀರು ಹೊರುವ ಕೆಲಸವಿಲ್ಲ. ಬ್ಯಾಟರಿಗಳು ಮೂರು ವರ್ಷಕ್ಕೆ ಕಣ್ಣು ಮುಚ್ಚುತ್ತವೆ, ಹೊಸದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೂ ದಿನಾ ಒಂದಿಷ್ಟು ಎತ್ತಿಟ್ಟರೂ ಲಾಭವೇ. ಒಂದೇ ಒಂದು ತೊಡಕು. ಗಾಡಿ ಚಾರ್ಜಿಗೆ ನಿಂತ ಹೊತ್ತೆಲ್ಲ ಬಾಡಿಗೆ ಕೈತಪ್ಪಿದಂತೆಯೇ. ಬದಲಿ ಬ್ಯಾಟರಿ ಇಟ್ಟುಕೊಳ್ಳಬೇಕು, ಒಂದು ಗಾಡಿಯವನಿಗೆ ಅದು ಆಗದ ಮಾತು. ಐದು ಗಾಡಿಗಳು ಹಂಚಿಕೊಂಡರೆ ಮಾತ್ರ ಗಿಟ್ಟೀತು.

ಅದಕ್ಕಾಗಿಯೇ ಚೆನ್ನಯ ಸದಾನಂದನ ಬೆನ್ನು ಹತ್ತಿದ್ದ. ಸದಾನಂದ ದಾದರಿನ ಹೋಟೆಲ್ ಧಣಿ, ಉಡುಪಿಯ ಕಡೆಯವನು. ಕೊತ್ತಂಬರಿ ಕಟ್ಟಿಗೂ ಅರ್ಧ ಗಂಟೆ ಚೌಕಾಸಿ ಮಾಡುವವನು. ಗಿರಾಕಿಗಳ ಎದುರು ತನ್ನ ಮಾತು ತಿದ್ದಿದ ಅಡುಗೆಯವನನ್ನು ಅದೇ ಹೊತ್ತಿಗೆ ಮನೆಗೆ ಕಳಿಸಿದವನು. ಚೆನ್ನಯನ ಲೆಕ್ಕವನ್ನು ಅವನು ಹಿಂದೆ ಮುಂದೆ ತಿರುಗಿಸಿ ಕೇಳಿ, ಕೊನೆಗೊಂದು ಷರತ್ತು ಹಾಕಿದ. ವಿಜಯದಶಮಿಯಂದು ಘಾಟ್ಕೋಪರಿನಲ್ಲಿ ಅವನ ಎರಡನೆಯ ಹೋಟೆಲಿನ ಪ್ರಾರಂಭ. ಅವನನ್ನೂ ಹೆಂಡತಿ ಪ್ರಫುಲ್ಲಾಳನ್ನೂ ದೇವರ ಪಟ, ದೀಪಗಳ ಸಮೇತ ಮುಹೂರ್ತಕ್ಕೆ ಮೊದಲು ಅಲ್ಲಿಗೆ ಮುಟ್ಟಿಸಿದರೆ ಉಳಿದ ನಾಲ್ಕು ವ್ಯಾನುಗಳನ್ನು ಅವನು ಕೊಳ್ಳುತ್ತಾನೆ, ಚೆನ್ನಯ ನಡೆಸಬೇಕು. ಮುಟ್ಟದಿದ್ದರೆ ವ್ಯಾನುಗಳು ಗುಜರಿಗೆ, ಚೆನ್ನಯ ಮತ್ತೆ ಯಾರದೋ ಟ್ಯಾಕ್ಸಿಯ ಸ್ಟಿಯರಿಂಗಿಗೆ.

ಆ ಬೆಳಿಗ್ಗೆ ಚೆನ್ನಯ ಬೈಕುಲ್ಲಾದ ವರ್ಕ್‌ಶಾಪಿಗೆ ಬಂದಾಗ ಗಾಡಿ ಮದುಮಗಳ ಹಾಗೆ ನಿಂತಿತ್ತು. ಹಿಂದಿನ ದಿನ ಕೊಲಾಬಾದವರೆಗೆ ಓಡಿಸಿ, ಸಂಜೆ ಚಾರ್ಜಿಗೆ ಹಾಕಿ, ಅವನು ಹೋಟೆಲಿನ ಹೂವು ತರಲು ಹೋಗಿದ್ದ. ಆಮೇಲೆ ಸದಾನಂದ ದಂಪತಿ ಬಂದು ಆಯುಧಪೂಜೆ ಮಾಡಿಹೋಗಿದ್ದರು. ಬಾನೆಟ್ಟಿಗೆ ಗಂಧ, ಕುಂಕುಮ, ಮಾರುದ್ದದ ಚೆಂಡು ಹೂವಿನ ಹಾರ. ಚಾರ್ಜಿನ ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಗೂಟಕ್ಕೆ ತೂಗುಹಾಕಿತ್ತು. ಸಿದ್ದಲಿಂಗಪ್ಪ ಹಬ್ಬಕ್ಕೆ ಊರಿಗೆ ಹೋಗಿದ್ದ. ಅವನ ಆಳು ಚಾರ್ಜು ತುಂಬಿದ ಮೇಲೆ ತೆಗೆದಿರಬೇಕು ಎಂದುಕೊಂಡು ಚೆನ್ನಯ ಖುಷಿಯಲ್ಲೇ ಹೊರಟ. ನಿಂತ ಗಾಡಿಯಲ್ಲಿ ಚಾರ್ಜು ತೋರಿಸುವ ಮುಳ್ಳು ಮೇಲೆಯೇ ಇತ್ತು. ನಿಂತಾಗ ಅದು ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತದೆ.

ದಾದರಿನಲ್ಲಿ ಇಬ್ಬರೂ ಹತ್ತಿ ಕೂತರು. ಪ್ರಫುಲ್ಲಾ ಮಡಿಲಲ್ಲಿ ದೀಪದ ಬುಟ್ಟಿ ಇಟ್ಟುಕೊಂಡಳು, ಸದಾನಂದ ಪಟವನ್ನು ಮಗುವಿನಂತೆ ಅಪ್ಪಿಕೊಂಡ. ಮಾಟುಂಗಾ ದಾಟುವ ತನಕ ಎಲ್ಲ ಸರಿಯಿತ್ತು. ಗಾಡಿಗೆ ಸದ್ದೇ ಇಲ್ಲವೆಂದು ಸದಾನಂದ ತಲೆದೂಗಿದ್ದೂ ಆಯಿತು. ಸಯನ್ನಿನ ಏರು ಶುರುವಾಗುತ್ತಿದ್ದಂತೆ ಮುಳ್ಳು ಇಳಿಯತೊಡಗಿತು. ಇಳಿದದ್ದು ಮತ್ತೆ ಏರಲಿಲ್ಲ.

ಚೆನ್ನಯ ಮುಳ್ಳಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ತಂತಿ ಸಡಿಲವಾಯಿತೇ? ಬ್ಯಾಟರಿ ಒಡೆಯಿತೇ? ಅವನು ಒಂದೊಂದೇ ದೋಷವನ್ನು ಎಣಿಸುತ್ತಿರುವಾಗ, ಹಿಂದಿನ ಸೀಟಿನಿಂದ ಪ್ರಫುಲ್ಲಾ ತಾನಾಗಿಯೇ ಮಾತು ತೆಗೆದಳು.

“ಈಗ ಎಷ್ಟು ತಣ್ಣಗೆ ಹೋಗ್ತದೆ ನೋಡು ಚೆನ್ನಯ. ನಿನ್ನೆ ಪೂಜೆಗೆ ಬಂದಾಗ ಗುಂಯ್ ಅಂತ ಒಂದೇ ಸಮನೆ ಶಬ್ದ ಮಾರಾಯ. ಆಯುಧಪೂಜೆ ದಿವಸವೂ ಯಂತ್ರವನ್ನು ದುಡಿಸುವುದಾ ಅಂತ ಇವರೇ ವಯರು ಕಿತ್ತು ಸುತ್ತಿಟ್ಟರು. ಪಾಪ, ಅದಕ್ಕೂ ಒಂದು ರಾತ್ರಿ ವಿಶ್ರಾಂತಿ ಬೇಡ್ವಾ?”

ಸದಾನಂದ ಹೂಂಗುಟ್ಟಿದ. ತಾನು ಮಾಡಿದ ಪುಣ್ಯವನ್ನು ಬೇರೆಯವರ ಬಾಯಿಂದ ಕೇಳುವ ಸಂತೋಷ ಅವನ ಮುಖದಲ್ಲಿತ್ತು.

ಚೆನ್ನಯನಿಗೆ ಈಗ ಅರ್ಥವಾಯಿತು. ರಾತ್ರಿಯಿಡೀ ಉಣ್ಣಬೇಕಾದ ಗಾಡಿ ಉಪವಾಸ ಮಲಗಿ ಎದ್ದು ಬಂದಿದೆ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಹೆಂಡತಿಯ ಎದುರು, ಅದೂ ಹೊಸ ಹೋಟೆಲಿನ ಮುಹೂರ್ತದ ದಿನ, ನಿಮ್ಮ ಪೂಜೆಯೇ ಗಾಡಿಯನ್ನು ಕೆಡಿಸಿತು ಎಂದರೆ ಈ ಮನುಷ್ಯ ಮುಂದೆಂದೂ ತನ್ನ ಮುಖ ನೋಡಲಿಕ್ಕಿಲ್ಲ. ಹೇಳದೆ ಮುಟ್ಟಿಸಿಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡು ಗಾಡಿಯನ್ನು ಪುಸಲಾಯಿಸಲು ಕೂತ.

ಇಳಿಜಾರು ಸಿಕ್ಕಲ್ಲೆಲ್ಲ ಕಾಲು ತೆಗೆದು ತಾನಾಗಿ ಉರುಳಲು ಬಿಟ್ಟ. ಬ್ರೇಕು ಒತ್ತುವುದೆಂದರೆ ಜೀವ ಹೋದಂತಾಗುತ್ತಿತ್ತು. ಮತ್ತೆ ವೇಗ ಎತ್ತಲು ದುಪ್ಪಟ್ಟು ಖರ್ಚು. ಎದುರಿಗೆ ಎಮ್ಮೆ ಬಂದಾಗ ಬೈಗುಳವನ್ನು ನುಂಗಿಕೊಂಡು ಬದಿಗೆ ಸರಿದ. ಕುರ್ಲಾದ ಉಪ್ಪುಗಾಳಿಯಲ್ಲಿ ಗಾಡಿ ಎತ್ತಿನ ನಡಿಗೆಗೆ ಬಂತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ. ಸದಾನಂದ ಗಡಿಯಾರ ನೋಡಿದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಏನು ಸಮಾಚಾರ ಎಂದು ಕೇಳಿದ್ದಕ್ಕೆ ಚೆನ್ನಯ, ದೇವರ ಪಟ ಇದೆಯಲ್ಲ, ನಿಧಾನ ಹೋಗುವುದು ಒಳ್ಳೆಯದು ಎಂದು ಹಸಿ ಸುಳ್ಳು ಹೇಳಿದ. ಮುಂದೆ ಸೇತುವೆಯ ಏರು ಕಾಣಿಸಿತು. ಏರಿನ ಬುಡದಲ್ಲೇ ಗಾಡಿ ಒಂದು ನಿಟ್ಟುಸಿರೂ ಬಿಡದೆ ನಿಂತುಹೋಯಿತು.

ಸದಾನಂದ ಬೈಯಲಿಲ್ಲ. ಬೈದಿದ್ದರೆ ಚೆನ್ನಯನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಪಟವನ್ನು ಅಪ್ಪಿಕೊಂಡೇ ಕೆಳಗಿಳಿದು ಹಿಂದಿನಿಂದ ಬರುತ್ತಿದ್ದ ಪೆಟ್ರೋಲ್ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದ. ಆ ಡ್ರೈವರು ಹಬ್ಬದ ದಿನವೆಂದು ಮೀಟರಿನ ಎರಡರಷ್ಟು ಕೇಳಿದ. ಕೊತ್ತಂಬರಿಗೆ ಅರ್ಧ ಗಂಟೆ ಮಾತಾಡುವ ಸದಾನಂದ ತುಟಿ ಬಿಚ್ಚದೆ ಹೆಂಡತಿಯೊಡನೆ ಹತ್ತಿ ಕೂತ. ಚೆನ್ನಯನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ಹೊಗೆ ಉಗುಳುತ್ತ ಆ ಟ್ಯಾಕ್ಸಿ ಸೇತುವೆ ಹತ್ತಿ ಮರೆಯಾಯಿತು.

ದಾರಿಹೋಕರು ಸುತ್ತ ನೆರೆದು, ಬಾನೆಟ್ ತೆರೆಸಿ, ಎಂಜಿನ್ನೇ ಇಲ್ಲವಲ್ಲ ಎಂದು ನಕ್ಕು ಚದುರಿದರು. ಚೆನ್ನಯ ಸೀಟಿನಲ್ಲೇ ಕೂತಿದ್ದ. ಸಿಟ್ಟು ಯಾರ ಮೇಲೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಸುಮ್ಮನೆ ಸ್ವಿಚ್ಚು ಹಾಕಿ ನೋಡಿದರೆ ಮುಳ್ಳು ತುಸು ಮೇಲೆದ್ದಿತ್ತು. ದಣಿದ ಬ್ಯಾಟರಿ ನಿಂತಲ್ಲೇ ಚೂರು ಚೇತರಿಸಿಕೊಳ್ಳುವುದುಂಟು. ಹಿಂದೆ ತಿರುಗಿದರೆ ಬೈಕುಲ್ಲಾ ಹೇಗೂ ಮುಟ್ಟದು, ಘಾಟ್ಕೋಪರ್ ಮುಟ್ಟಿದರೂ ಮುಟ್ಟೀತು. ಹೊಣೆ ಯಾರದೆಂದು ಧಣಿಗೆ ಹೇಳದೆ ಇವತ್ತು ಮನೆಗೆ ಹೋಗಬಾರದು ಎಂದು ಅವನು ಗಟ್ಟಿ ಮಾಡಿಕೊಂಡ. ಇಬ್ಬರು ಹಮಾಲರ ಕೈಕಾಲು ಹಿಡಿದು ಸೇತುವೆಯ ನೆತ್ತಿಯವರೆಗೆ ತಳ್ಳಿಸಿ, ಅಲ್ಲಿಂದ ಉರುಳಿಸಿಕೊಂಡು, ಮಧ್ಯೆ ನಿಂತು, ಮತ್ತೆ ತೆವಳಿ, ಹೊಸ ಹೋಟೆಲಿನ ಬಾಗಿಲಿಗೆ ಬಂದು ನಿಂತಾಗ ಒಳಗೆ ಎರಡನೆಯ ಪಂಕ್ತಿ ನಡೆಯುತ್ತಿತ್ತು.

ಸದಾನಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗಾಡಿ ನೋಡಿ ಹುಬ್ಬೇರಿಸಿದ. ಸುತ್ತ ಯಾರೂ ಇರಲಿಲ್ಲ. ಚೆನ್ನಯ ಇನ್ನು ತಡೆಯಲಿಲ್ಲ.

“ಧಣಿ, ನಿನ್ನೆ ನಿಮ್ಮ ರುಬ್ಬುವ ಕಲ್ಲಿಗೂ ಪೂಜೆ ಆಗಿದೆ ಅಲ್ವಾ?”

“ಆಗಿದೆ. ಯಾಕೆ?”

“ಕಲ್ಲು ಮಲಗಿತು, ಸರಿ. ಅದಕ್ಕಿಂತ ಮೊದಲೇ ರುಬ್ಬಿಟ್ಟ ಇಡ್ಲಿ ಹಿಟ್ಟು? ಅದು ರಾತ್ರಿಯಿಡೀ ಉಬ್ಬಿತಲ್ಲ. ಪೂಜೆ ಅಂತ ಅದಕ್ಕೆ ನೀವು ತಡೆ ಹಾಕಲಿಲ್ಲ. ಹಾಕಿದ್ರೆ ಇವತ್ತು ಈ ಪಂಕ್ತಿಗೆ ಇಡ್ಲಿ ಇರ್ತಿರಲಿಲ್ಲ. ನನ್ನ ಗಾಡಿ ನಿನ್ನೆ ಮಾಡ್ತಿದ್ದದ್ದು ಕೆಲಸ ಅಲ್ಲ ಧಣಿ, ಊಟ. ಅದರ ಬಾಯಿಂದ ತುತ್ತು ಕಿತ್ತದ್ದು ನೀವು.”

ಸದಾನಂದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ಅಷ್ಟು ದೂರ ಬಂದರೂ ಅದು ತಣ್ಣಗಿತ್ತು.

“ಹೌದು. ನಾನೇ ಕಿತ್ತದ್ದು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಹೇಳಿದ್ದು ಪೂರಾ ಸರಿ ಉಂಟು. ಅದಕ್ಕೇ ನನಗೆ ಇದು ಬೇಡ ಚೆನ್ನಯ. ನಿನ್ನ ಲೆಕ್ಕ ಎಲ್ಲ ಕೇಳಿದವನು ನಾನು, ನನಗೇ ಹೊಳೀಲಿಲ್ಲ. ನಾಳೆ ನಾಲ್ಕು ಗಾಡಿಗೆ ನಾಲ್ಕು ಡ್ರೈವರ್ ಬರ್ತಾರೆ, ಅವರ ಹೆಂಡತಿ ಮಕ್ಕಳು ಆರತಿ ಹಿಡ್ಕೊಂಡು ಬರ್ತಾರೆ. ಎಲ್ಲ ನಮ್ಮ ಜನವೇ. ಪೆಟ್ರೋಲ್ ಗಾಡಿಯನ್ನು ಮೂರು ದಿವಸ ಪೂಜೆ ಮಾಡಿ ಮಲಗಿಸಿದ್ರೂ ನಾಲ್ಕನೇ ದಿವಸ ಕೀಲಿ ಹಾಕಿದ್ರೆ ಹೊರಡ್ತದೆ. ನಮ್ಮ ಭಕ್ತಿಯನ್ನು ತಡ್ಕೊಳ್ಳುವ ಗಾಡಿ ಬೇಕು ನನಗೆ.”

ಸಿಟ್ಟಿಗೆ, ವಾದಕ್ಕೆ, ಅವಮಾನಕ್ಕೆ ಚೆನ್ನಯ ತಯಾರಾಗಿ ಬಂದಿದ್ದ. ತಪ್ಪೊಪ್ಪಿಗೆಗೆ ಏನು ಉತ್ತರ ಕೊಡುವುದೆಂದು ಅವನು ಯೋಚಿಸಿರಲಿಲ್ಲ. ಗೆದ್ದ ಮಾತು ಕೈಯಲ್ಲೇ ಉಳಿಯಿತು, ವ್ಯಾನುಗಳು ಹೋದವು. ಊಟ ಮಾಡಿ ಹೋಗು ಎಂದು ಸದಾನಂದ ಪ್ರೀತಿಯಿಂದಲೇ ಕರೆದ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ; ಚೆನ್ನಯ ಎಲೆಯ ಮುಂದೆ ಕೂತ. ಇಡ್ಲಿ ಹೂವಿನಷ್ಟು ಮೆತ್ತಗಿತ್ತು. ಅಷ್ಟು ಚೆನ್ನಾಗಿದ್ದುದಕ್ಕೆ ಅವನಿಗೆ ಅಳು ಬಂತು.

ಹೊರಗೆ ಬಂದು ಸ್ವಿಚ್ಚು ಹಾಕಿದರೆ ಈ ಸಲ ಮುಳ್ಳು ಅಲುಗಲೇ ಇಲ್ಲ. ಅವನು ಸ್ಟೇಷನ್ ಬದಿಗೆ ನಡೆದು, ಹುಲ್ಲು ಇಳಿಸಿ ಖಾಲಿ ನಿಂತಿದ್ದ ಎತ್ತಿನ ಗಾಡಿಯವನನ್ನು ಹಿಡಿದ. ಟ್ಯಾಕ್ಸಿಯನ್ನು ಬೈಕುಲ್ಲಾದವರೆಗೆ ಎಳೆದುಕೊಂಡು ಹೋಗಲು ಎಷ್ಟು ಎಂದು ಮರಾಠಿಯಲ್ಲಿ ಕೇಳಿದ. ಗಾಡಿಯವನು ಕೂತಲ್ಲಿಂದಲೇ, ಎತ್ತುಗಳು ಮೇವು ತಿನ್ನುತ್ತಿವೆ, ತಿಂದು ಮುಗಿಸುವ ತನಕ ಎಬ್ಬಿಸುವುದಿಲ್ಲ, ಕಾಯುವುದಾದರೆ ಕಾಯಿ ಎಂದ. ಚೆನ್ನಯ ಅಲ್ಲೇ ನೆಲದ ಮೇಲೆ ಕೂತು ಕಾದ.